ನಿಮಗಿದು ಗೊತ್ತೆ? ರೈಲ್ವೆ ಸಾಕಿದ ಬ್ಯಾಂಡ್!

ಪಶ್ಚಿಮ ಆಫ್ರಿಕಾದ ಮಾಲಿ ದೇಶದಲ್ಲಿ ರೈಲ್ವೆಯೇ ಒಂದು ವಾದ್ಯತಂಡವನ್ನು ಸಾಕಿತ್ತು. ಹೆಸರೂ ರೈಲ್ ಬ್ಯಾಂಡ್! 1970ರಲ್ಲಿ ಶುರುವಾದ ಈ ತಂಡ ರಾಜಧಾನಿ ಬಮಾಕೋದ ರೈಲು ನಿಲ್ದಾಣದ ಹೋಟೆಲಿನಲ್ಲಿ ನುಡಿಸುತ್ತಿತ್ತು.

ಇಲ್ಲಿನ ಮಾಂಡೆ ಜನರಲ್ಲಿ ವಂಶಾವಳಿ, ವೀರಗಾಥೆಗಳನ್ನು ಹಾಡುವುದು ‘ಜೆಲಿ’ ಮನೆತನಗಳ ಕುಲಕಸುಬು. ಅಂಥ ಮನೆತನದಿಂದ ಬಂದ, ತಂಡದ ಗಿಟಾರ್ ವಾದಕ ಜೆಲಿಮಾಡಿ ತುಂಕಾರಾ, ಎನ್‌ಗೋನಿ ಎಂಬ ತಂತಿವಾದ್ಯದ ವರಸೆಗಳನ್ನು ಎಲೆಕ್ಟ್ರಿಕ್ ಗಿಟಾರ್‌ಗೆ ತಂದರು. ತಮಾಷೆಯೆಂದರೆ, ತಂಡದ ಮೊದಲ ತಾರೆ ಸಲಿಫ್ ಕೈಟಾ ಜೆಲಿ ಅಲ್ಲವೇ ಅಲ್ಲ. 13ನೇ ಶತಮಾನದ ದೊರೆ ಸುಂಜಾಟಾ ಕೈಟಾನ ವಂಶದವರು. ಜೆಲಿಗಳಿಂದ ಹೊಗಳಿಸಿಕೊಳ್ಳಬೇಕಾದ ಮನೆತನದ ಹುಡುಗ ಹಾಡಲು ನಿಂತದ್ದು ಮನೆಯವರಿಗೆ ಹಿಡಿಸಲಿಲ್ಲ. ಕೈಟಾ ತಂಡ ಬಿಟ್ಟ ಮೇಲೆ ಮುಖ್ಯ ಗಾಯಕರಾದವರು ಮೋರಿ ಕಾಂಟೆ. 1988ರಲ್ಲಿ ‘ಯೇ ಕೇ ಯೇ ಕೇ’ ಹಾಡಿನಿಂದ ಯುರೋಪನ್ನು ಕುಣಿಸಿದವರು ಇವರೇ.