ನಿಲ್ಲದ ಗಮನ
ವಯಸ್ಕರಲ್ಲಿ ಅವಧಾನದ ಕೊರತೆಯನ್ನು ಗುರುತಿಸುವುದು ಹೇಗೆ? ಅದರೊಡನೆ ಬಾಳುವುದು ಹೇಗೆ?

ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಬೆಟ್ಟವನ್ನು ಕುರಿತು ಆ ಸೀಮೆಯ ಜನರಲ್ಲಿ ಒಂದು ಮಾತುಂಟು. ಪೂರ್ವದಿಂದ ನೋಡಿದರೆ ಅದು ಬಸವ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆಯೆತ್ತಿದ ಸರ್ಪ. ಬೆಟ್ಟ ಒಂದೇ, ನೋಡುವವನು ನಿಂತ ದಿಕ್ಕಿಗೆ ತಕ್ಕಂತೆ ಅದರ ಆಕಾರ ಬೇರೆಯಾಗಿ ತೋರುತ್ತದೆ.

ಮನುಷ್ಯರನ್ನು ಅಳೆಯುವಾಗಲೂ ಹೀಗಾಗುವುದುಂಟು. ಒಬ್ಬ ತರುಣನನ್ನು ಕಲ್ಪಿಸಿಕೊಳ್ಳೋಣ. ಅವನು ಬುದ್ಧಿವಂತನೇ, ಹೇಳಿದ್ದನ್ನು ಬೇಗ ಗ್ರಹಿಸುತ್ತಾನೆ. ಆದರೆ ಹಿಡಿದ ಕೆಲಸವನ್ನು ಮುಗಿಸುವುದಿಲ್ಲ. ಪರೀಕ್ಷೆಯ ಶುಲ್ಕ ಕಟ್ಟುವ ಕಡೆಯ ದಿನ ಅವನಿಗೆ ನೆನಪಾಗುವುದು ಮರುದಿನ. ಬಸ್ಸಿನಲ್ಲಿ ಕೊಡೆ, ಅಂಗಡಿಯಲ್ಲಿ ಚೀಲ, ಮನೆಯಲ್ಲಿ ಬೀಗದ ಕೈ ಮರೆತುಬರುತ್ತಾನೆ. ಉಪಾಧ್ಯಾಯರ ದೃಷ್ಟಿಯಲ್ಲಿ ಅವನು ಅಜಾಗರೂಕ. ತಂದೆಯ ದೃಷ್ಟಿಯಲ್ಲಿ ಸೋಮಾರಿ. ಕೆಲಸ ಕೊಟ್ಟ ಯಜಮಾನನ ದೃಷ್ಟಿಯಲ್ಲಿ ಬೇಜವಾಬ್ದಾರಿ. ಗೆಳೆಯರ ದೃಷ್ಟಿಯಲ್ಲಿ ಮಾತಿಗೆ ತಪ್ಪುವವನು. ನಾಲ್ವರೂ ಹೇಳುವುದು ತಾವು ಕಂಡದ್ದನ್ನೇ. ಆದರೆ ಈ ನಾಲ್ಕಕ್ಕೂ ಮೂಲ ಒಂದೇ ಇರಬಹುದೆಂಬುದು ಯಾರಿಗೂ ಹೊಳೆಯುವುದಿಲ್ಲ; ಆ ತರುಣನಿಗೂ ಹೊಳೆಯುವುದಿಲ್ಲ. ಬಾಲ್ಯದಿಂದ ಕೇಳಿದ ಬೈಗುಳವನ್ನೇ ಅವನು ಕ್ರಮೇಣ ತನ್ನ ಸ್ವಭಾವದ ವರ್ಣನೆಯೆಂದು ನಂಬಿಬಿಡುತ್ತಾನೆ.

ಆ ಮೂಲಕ್ಕೆ ವೈದ್ಯಶಾಸ್ತ್ರದಲ್ಲಿ ‘ಅವಧಾನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ’ ಎಂದು ಹೆಸರು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಎ.ಡಿ.ಎಚ್.ಡಿ. ಎಂದು ಕರೆಯುವುದು ರೂಢಿ. ಇದು ಮಕ್ಕಳ ತೊಂದರೆ, ಬೆಳೆದಂತೆ ತಾನಾಗಿ ಹೋಗುವುದು ಎಂದು ಬಹುಕಾಲ ತಿಳಿಯಲಾಗಿತ್ತು. ಈಗ ಹಾಗಲ್ಲವೆಂದು ಸ್ಪಷ್ಟವಾಗಿದೆ. ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರೆ, 100 ಮಂದಿ ವಯಸ್ಕರಲ್ಲಿ ಸುಮಾರು 2ರಿಂದ 3 ಮಂದಿಗೆ ಈ ತೊಂದರೆ ಉಂಟು. ದೊಡ್ಡದೊಂದು ಕಾಲೇಜಿನಲ್ಲಿ ಇಂಥವರು ಕೆಲವರಾದರೂ ಇರಲೇಬೇಕು.

ಹೆಸರು ಬಂದ ಬಗೆ

ಈ ತೊಂದರೆ ಹೊಸದಲ್ಲ. ಸ್ಕಾಟ್ಲೆಂಡಿನ ವೈದ್ಯ ಅಲೆಗ್ಸಾಂಡರ್ ಕ್ರೈಟನ್ 1798ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವಧಾನ ಮತ್ತು ಅದರ ವ್ಯಾಧಿಗಳನ್ನು ಕುರಿತು ಒಂದು ಅಧ್ಯಾಯವನ್ನೇ ಮೀಸಲಿಟ್ಟನು. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್, ಬುದ್ಧಿಗೆ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ತಡೆದುಕೊಳ್ಳಲಾರದ ಮಕ್ಕಳನ್ನು ಉಪನ್ಯಾಸಗಳಲ್ಲಿ ವರ್ಣಿಸಿದನು. ಆತ ಅದಕ್ಕೆ ಕೊಟ್ಟ ಹೆಸರು ‘ನೈತಿಕ ನಿಯಂತ್ರಣದ ಕೊರತೆ.’ ಮನೆಯ ಹಿರಿಯರ ತೀರ್ಪಿಗೂ ಈ ಹೆಸರಿಗೂ ಹೆಚ್ಚು ದೂರವಿಲ್ಲವೆಂಬುದನ್ನು ವಾಚಕರು ಗಮನಿಸಬಹುದು.

ಅಮೆರಿಕದ ಮನೋವೈದ್ಯರ ಸಂಘವು ಹೊರತರುವ ರೋಗಪಟ್ಟಿಯಲ್ಲಿ 1968ರಲ್ಲಿ ಇದು ಬಾಲ್ಯದ ಅತಿಚಲನೆಯೆಂದು ಸೇರಿತು. 1980ರ ಆವೃತ್ತಿಯು ಚಲನೆಯ ಬದಲು ಅವಧಾನವನ್ನು ಮುಂದಕ್ಕೆ ತಂದಿತು. 1987ರಲ್ಲಿ ಈಗಿನ ಹೆಸರು ಬಂದಿತು. 2013ರ ಆವೃತ್ತಿಯು ವಯಸ್ಕರಿಗೆಂದು ಪ್ರತ್ಯೇಕ ಅಳತೆಯನ್ನು ಗೊತ್ತುಮಾಡಿತು. ಹೀಗೆ ಶೀಲದ ದೋಷವೆನಿಸಿದ್ದದ್ದು ಮಿದುಳಿನ ವ್ಯವಸ್ಥೆಯ ಪ್ರಶ್ನೆಯಾಗಲು ಒಂದು ಶತಮಾನವೇ ಹಿಡಿಯಿತು.

ಒಳಗಿರುವ ಅಪ್ರಸ್ತುತ ಪ್ರಸಂಗಿ

ನಮ್ಮ ನಾಡಿನಲ್ಲಿ ಅವಧಾನವೆಂದೊಡನೆ ನೆನಪಾಗುವುದು ಅಷ್ಟಾವಧಾನ. ಅವಧಾನಿಯ ಸುತ್ತ ಎಂಟು ಮಂದಿ ಪೃಚ್ಛಕರು ಕುಳಿತಿರುತ್ತಾರೆ. ಒಬ್ಬರು ಸಮಸ್ಯೆ ಕೊಡುತ್ತಾರೆ. ಒಬ್ಬರು ಅಕ್ಷರಗಳನ್ನು ನಿಷೇಧಿಸುತ್ತಾರೆ. ಮತ್ತೊಬ್ಬರು ನಡುನಡುವೆ ಸಂಖ್ಯೆಗಳನ್ನು ಕೇಳುತ್ತಾರೆ. ಅವರಲ್ಲಿ ಅಪ್ರಸ್ತುತ ಪ್ರಸಂಗಿಯ ಕೆಲಸವೇ ವಿಚಿತ್ರ. ಸಂಬಂಧವಿಲ್ಲದ ಪ್ರಶ್ನೆಗಳನ್ನು ಎಸೆದು ಅವಧಾನಿಯ ಏಕಾಗ್ರತೆಯನ್ನು ಕೆಡಿಸುವುದೇ ಆತನ ಪಾತ್ರ. ಅವಧಾನಿಯು ಆತನಿಗೆ ನಗುತ್ತ ಉತ್ತರ ಕೊಟ್ಟು, ಬಿಟ್ಟ ಪದ್ಯವನ್ನು ಬಿಟ್ಟಲ್ಲಿಂದಲೇ ಎತ್ತಿಕೊಳ್ಳುತ್ತಾನೆ.

ನಮ್ಮೆಲ್ಲರ ಮಿದುಳೂ ಸಣ್ಣ ಪ್ರಮಾಣದಲ್ಲಿ ಇದನ್ನೇ ಮಾಡುತ್ತಿರುತ್ತದೆ. ಓದುವಾಗ ಬೀದಿಯ ಸದ್ದು, ಹಸಿವು, ನಿನ್ನೆಯ ಜಗಳ ಎಲ್ಲವೂ ಒಳಗೆ ಬರಲು ಯತ್ನಿಸುತ್ತವೆ. ಬೇಕಾದುದನ್ನು ಹಿಡಿದು ಬೇಡವಾದುದನ್ನು ತಡೆಯುವ ಕೆಲಸದಲ್ಲಿ ಹಣೆಯ ಹಿಂದಿರುವ ಮಿದುಳಿನ ಭಾಗಕ್ಕೆ ಮುಖ್ಯ ಪಾತ್ರವುಂಟು. ಡೋಪಮೈನ್ ಮತ್ತು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಅಲ್ಲಿನ ನರಕೋಶಗಳ ನಡುವೆ ಸಂದೇಶ ಒಯ್ಯುತ್ತವೆ. ಎ.ಡಿ.ಎಚ್.ಡಿ. ಇರುವವರಲ್ಲಿ ಈ ಏರ್ಪಾಡು ಸಮನಾಗಿ ನಡೆಯುವುದಿಲ್ಲ. ಅಪ್ರಸ್ತುತ ಪ್ರಸಂಗಿಯ ಪ್ರಶ್ನೆಗೂ ಪ್ರಸ್ತುತ ಕಾರ್ಯಕ್ಕೂ ಒಂದೇ ಬೆಲೆ ಬಂದುಬಿಡುತ್ತದೆ. ಬಿಟ್ಟ ಪದ್ಯ ಎಲ್ಲಿ ನಿಂತಿತ್ತೆಂಬುದು ನೆನಪಿನಿಂದ ಜಾರುತ್ತದೆ.

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಇಂಥವನೇ ಕೆಟ್ಟ ರೇಡಿಯೋವನ್ನು ಬಿಚ್ಚಿ ನಾಲ್ಕು ಗಂಟೆಗಳ ಕಾಲ ಊಟವನ್ನೂ ಮರೆತು ಕೂರಬಲ್ಲನಲ್ಲ? ಹೌದು, ಕೂರಬಲ್ಲನು. ಅವನಲ್ಲಿ ಅವಧಾನವೇ ಇಲ್ಲವೆಂದಲ್ಲ. ಅದನ್ನು ಬೇಕಾದ ಕಡೆ ಇರಿಸುವ, ಬೇಕಾದಾಗ ಕೀಳುವ ಹಿಡಿತ ಸಡಿಲ. ಕೆಲಸದಲ್ಲಿ ಹೊಸತನ, ಆಸಕ್ತಿ, ಇಲ್ಲವೆ ಒಡನೆಯೇ ಬರುವ ಫಲ ಇದ್ದರೆ ಗಮನ ತಾನಾಗಿ ನಿಲ್ಲುತ್ತದೆ. ಫಲ ದೂರದಲ್ಲಿದ್ದು ಕೆಲಸ ನೀರಸವಾಗಿದ್ದರೆ, ಎಷ್ಟು ಇಚ್ಛೆಪಟ್ಟರೂ ನಿಲ್ಲುವುದಿಲ್ಲ. ‘ಮನಸ್ಸಿದ್ದರೆ ಮಾಡುತ್ತಾನೆ’ ಎಂಬ ಆಕ್ಷೇಪಣೆ ಹುಟ್ಟುವುದು ಈ ವ್ಯತ್ಯಾಸವನ್ನು ಕಾಣದಿರುವುದರಿಂದ.

ಈ ತೊಂದರೆ ಬಹುಮಟ್ಟಿಗೆ ವಂಶದಲ್ಲಿ ಬರುವಂಥದು. ಜನರ ನಡುವೆ ಇದರಲ್ಲಿ ಕಾಣುವ ವ್ಯತ್ಯಾಸದ ನೂರಕ್ಕೆ 70ಕ್ಕೂ ಹೆಚ್ಚು ಪಾಲು ಅನುವಂಶೀಯವೆಂದು ಅವಳಿಗಳ ಅಧ್ಯಯನಗಳು ತೋರಿಸಿವೆ. ಒಂದೇ ಜೀನಿನಿಂದಲ್ಲ, ಅಲ್ಪ ಪರಿಣಾಮವುಳ್ಳ ಅನೇಕ ಜೀನುಗಳು ಕೂಡಿ ಇದು ಒದಗುತ್ತದೆ. ಅವಧಿಗೆ ಮುನ್ನ ಜನಿಸಿದವರಲ್ಲಿಯೂ, ಹುಟ್ಟಿದಾಗ ತೂಕ ಕಡಮೆಯಿದ್ದವರಲ್ಲಿಯೂ ಸಂಭವ ಹೆಚ್ಚು. ತಾಯಿತಂದೆಯರ ಮುದ್ದಿನಿಂದಾಗಲಿ ಶಿಕ್ಷೆಯ ಕೊರತೆಯಿಂದಾಗಲಿ ಇದು ಹುಟ್ಟುವುದಿಲ್ಲ. 2007ರಲ್ಲಿ ಅಮೆರಿಕದ ಸಂಶೋಧಕರು ಮಕ್ಕಳ ಮಿದುಳುಗಳ ಚಿತ್ರ ತೆಗೆದು, ಮಿದುಳಿನ ಹೊರಪದರವು ತನ್ನ ಗರಿಷ್ಠ ದಪ್ಪವನ್ನು ಮುಟ್ಟುವ ವಯಸ್ಸನ್ನು ಹೋಲಿಸಿದರು. ಇತರ ಮಕ್ಕಳಲ್ಲಿ ಅದು ನಡುವಳತೆಯಾಗಿ 7½ ವರ್ಷ, ಎ.ಡಿ.ಎಚ್.ಡಿ. ಇರುವ ಮಕ್ಕಳಲ್ಲಿ 10½ ವರ್ಷ. ಬೆಳವಣಿಗೆಯ ದಾರಿ ಒಂದೇ, ವೇಗ ಬೇರೆ. ಕೆಲವರಲ್ಲಿ ತೊಂದರೆ ಮುಂದೆ ಮರೆಯಾಗುತ್ತದೆ. ಅನೇಕರಲ್ಲಿ ಒಂದಲ್ಲ ಒಂದು ರೂಪದಲ್ಲಿ ಉಳಿಯುತ್ತದೆ.

ಕಂಬಿಗಳು ಕಳಚಿದಾಗ

ಬಾಲ್ಯದಿಂದಲೂ ಇದ್ದದ್ದು ಇಪ್ಪತ್ತರ ವಯಸ್ಸಿನಲ್ಲಿ ಒಮ್ಮೆಗೇ ಬಯಲಾಗುವುದೇಕೆ? ಶಿವಗಂಗೆಯನ್ನು ಹತ್ತಿದವರು ಬಲ್ಲರು: ತುದಿ ಹತ್ತಿರವಾದಂತೆ ಬಂಡೆ ಕಡಿದಾಗುತ್ತದೆ. ಅಲ್ಲಿ ಕಲ್ಲನ್ನೇ ಕಡಿದು ಮೆಟ್ಟಿಲು ಮಾಡಿ, ಅಂಚಿಗೆ ಕಂಬಿಗಳನ್ನು ನಿಲ್ಲಿಸಿದ್ದಾರೆ. ಮನೆಯೂ ಶಾಲೆಯೂ ಬಾಲಕನಿಗೆ ಇಂಥ ಕಂಬಿಗಳು. ಬೆಳಗ್ಗೆ ತಾಯಿ ಎಬ್ಬಿಸುತ್ತಾಳೆ. ಗಂಟೆ ಹೊಡೆದೊಡನೆ ಪಾಠ ಬದಲಾಗುತ್ತದೆ. ಸಂಜೆ ಅಕ್ಕನೋ ಅಣ್ಣನೋ ಲೆಕ್ಕ ಬರೆಯಿಸುತ್ತಾರೆ. ಬುದ್ಧಿ ಚುರುಕಾಗಿದ್ದರೆ ಪರೀಕ್ಷೆಯ ಹಿಂದಿನ ರಾತ್ರಿಯ ಓದೇ ಸಾಕಾಗುತ್ತದೆ.

ಪಿ.ಯು. ಮುಗಿಸಿ, ಊರು ಬಿಟ್ಟು ಬೆಂಗಳೂರಿನಲ್ಲಿ ವಿದ್ಯಾರ್ಥಿನಿಲಯ ಸೇರಿದೊಡನೆ ಕಂಬಿಗಳೆಲ್ಲ ಏಕಕಾಲದಲ್ಲಿ ಕಳಚುತ್ತವೆ. ಏಳುವುದು, ಹಣ ಲೆಕ್ಕವಿಡುವುದು, ತಿಂಗಳ ನಂತರ ಒಪ್ಪಿಸಬೇಕಾದ ಬರವಣಿಗೆಯನ್ನು ಇಂದೇ ತೊಡಗುವುದು, ಎಲ್ಲವೂ ತನ್ನದೇ ಹೊಣೆ. ಸ್ವಭಾವ ಕೆಟ್ಟಿತು, ಪಟ್ಟಣದ ಗಾಳಿ ಬಡಿಯಿತು ಎಂದು ಊರಿನವರು ಹೇಳುತ್ತಾರೆ. ವಾಸ್ತವದಲ್ಲಿ ಬದಲಾದದ್ದು ಆಸರೆ.

ಹುಡುಗಿಯರ ವಿಷಯದಲ್ಲಿ ಇನ್ನೂ ತಡವಾಗುವುದುಂಟು. ಕುಣಿದಾಡುವ ಹುಡುಗ ಎಲ್ಲರ ಕಣ್ಣಿಗೆ ಬೀಳುತ್ತಾನೆ. ಕಿಟಕಿಯಾಚೆ ನೋಡುತ್ತ ಸುಮ್ಮನೆ ಕುಳಿತ ಹುಡುಗಿ ಯಾರಿಗೂ ತೊಂದರೆ ಕೊಡುವುದಿಲ್ಲ. ಆಕೆಗೆ ಕನಸುಗಾತಿಯೆಂಬ ಹೆಸರು ಬರುತ್ತದೆ. ಎಷ್ಟೋ ತಾಯಂದಿರು ತಮ್ಮ ಮಗುವನ್ನು ವೈದ್ಯರಲ್ಲಿಗೆ ಕರೆತಂದಾಗಲೇ ತಮ್ಮ ಬಾಲ್ಯದ ಕಥೆಯನ್ನೂ ಅಲ್ಲಿ ಗುರುತಿಸುತ್ತಾರೆ.

ಗುರುತಿಸುವುದು ಹೇಗೆ?

ಇದಕ್ಕೆ ರಕ್ತಪರೀಕ್ಷೆಯಿಲ್ಲ, ಮಿದುಳಿನ ಚಿತ್ರದಿಂದ ಒಬ್ಬ ವ್ಯಕ್ತಿಯಲ್ಲಿ ಇದನ್ನು ನಿರ್ಧರಿಸಲೂ ಬರುವುದಿಲ್ಲ. ತಜ್ಞನು ಜೀವನವೃತ್ತಾಂತವನ್ನೇ ಪರಿಶೀಲಿಸಬೇಕು. ಲಕ್ಷಣಗಳು ಎರಡು ಗುಂಪು. ಮೊದಲನೆಯದು ಗಮನಕ್ಕೆ ಸಂಬಂಧಿಸಿದ್ದು: ವಿವರಗಳಲ್ಲಿ ತಪ್ಪುವುದು, ಎದುರಿಗೆ ಹೇಳಿದ್ದು ಕಿವಿಗೆ ಬೀಳದಿರುವುದು, ಕೆಲಸವನ್ನು ಅರ್ಧಕ್ಕೆ ಬಿಡುವುದು, ವಸ್ತುಗಳನ್ನು ಕಳೆಯುವುದು, ದೀರ್ಘ ಶ್ರಮದ ಕಾರ್ಯವನ್ನು ಮುಂದೂಡುವುದು ಮುಂತಾದವು. ಎರಡನೆಯದು ಚಟುವಟಿಕೆ ಮತ್ತು ದುಡುಕಿಗೆ ಸಂಬಂಧಿಸಿದ್ದು: ಕುಳಿತಲ್ಲಿ ಕೂರಲಾಗದಿರುವುದು, ಇತರರ ಮಾತನ್ನು ನಡುವೆ ತುಂಡರಿಸುವುದು, ಸರದಿಗೆ ಕಾಯಲಾಗದಿರುವುದು. ವಯಸ್ಕರಲ್ಲಿ ಓಡಾಟ ತಗ್ಗಿ, ಒಳಗಿನ ಚಡಪಡಿಕೆ ಮಾತ್ರ ಉಳಿದಿರಬಹುದು.

ಪ್ರತಿಯೊಂದು ಗುಂಪಿನಲ್ಲಿ ಒಂಬತ್ತು ಲಕ್ಷಣಗಳಿವೆ. 2013ರ ಅಳತೆಯಂತೆ, 17 ವರ್ಷ ದಾಟಿದವರಲ್ಲಿ ಯಾವುದಾದರೂ ಒಂದು ಗುಂಪಿನ ಐದಾದರೂ ಲಕ್ಷಣಗಳಿರಬೇಕು. ಅವು ಆರು ತಿಂಗಳಿಗೆ ಕಡಮೆಯಿಲ್ಲದೆ ಇದ್ದಿರಬೇಕು. ಕೆಲವಾದರೂ 12 ವರ್ಷಕ್ಕೆ ಮುನ್ನವೇ ತೋರಿರಬೇಕು. ಮನೆ, ಕಾಲೇಜು, ಉದ್ಯೋಗ ಇವುಗಳಲ್ಲಿ ಎರಡು ಕಡೆಯಾದರೂ ಕಾಣಬೇಕು. ಬದುಕಿಗೆ ನಿಜವಾದ ಅಡ್ಡಿಯಾಗಿರಬೇಕು. ಈ ಷರತ್ತುಗಳು ಮುಖ್ಯ. ಬೀಗದ ಕೈ ಮರೆಯದವರು ಯಾರು? ನಿದ್ದೆಗೆಟ್ಟವನಿಗೂ, ರಾತ್ರಿಯೆಲ್ಲ ಮೊಬೈಲ್ ನೋಡಿದವನಿಗೂ ಗಮನ ನಿಲ್ಲುವುದಿಲ್ಲ. ಖಿನ್ನತೆ, ಆತಂಕ, ಥೈರಾಯ್ಡ್ ಗ್ರಂಥಿಯ ದೋಷ, ಮದ್ಯ, ಇವೂ ಇದೇ ವೇಷದಲ್ಲಿ ಬರುತ್ತವೆ. ಆದಕಾರಣ ವೈದ್ಯರು ಬಾಲ್ಯವನ್ನು ಕೇಳುತ್ತಾರೆ. ಸಾಧ್ಯವಾದರೆ ತಾಯಿಯನ್ನೋ ತಂದೆಯನ್ನೋ ಜೊತೆಗೆ ಕರೆದೊಯ್ಯುವುದು, ಪ್ರಾಥಮಿಕ ಶಾಲೆಯ ಹಳೆಯ ಪ್ರಗತಿಪತ್ರಗಳನ್ನು ಹುಡುಕಿ ಒಯ್ಯುವುದು ಮೇಲು. ಅಂತರಜಾಲದ ಪ್ರಶ್ನಾವಳಿಯೊಂದನ್ನು ತುಂಬಿ ತಾನೇ ತೀರ್ಮಾನಕ್ಕೆ ಬರುವುದು ಸಲ್ಲದು.

ಗುರುತಿಸದೆ ಬಿಟ್ಟರೆ ನಷ್ಟ ಅಂಕಗಳಿಗೆ ಮಾತ್ರ ನಿಲ್ಲುವುದಿಲ್ಲ. ವಾಹನಾಪಘಾತ, ಪದೇ ಪದೇ ಉದ್ಯೋಗ ಬಿಡುವುದು, ಮಾದಕವಸ್ತುಗಳ ಚಟ, ಖಿನ್ನತೆ, ಇವೆಲ್ಲ ಇಂಥವರಲ್ಲಿ ಇತರರಿಗಿಂತ ಹೆಚ್ಚು.

ಔಷಧ ಮತ್ತು ಆಸರೆ

1937ರಲ್ಲಿ ಅಮೆರಿಕದ ರೋಡ್ ಐಲೆಂಡಿನ ವೈದ್ಯ ಚಾರ್ಲ್ಸ್ ಬ್ರಾಡ್ಲಿ, ಉತ್ತೇಜಕ ಔಷಧವೊಂದನ್ನು ಕೊಟ್ಟಾಗ ಚಂಚಲ ಮಕ್ಕಳು ಶಾಂತರಾಗಿ ಪಾಠದಲ್ಲಿ ತೊಡಗಿದುದನ್ನು ವರದಿ ಮಾಡಿದನು. ಉತ್ತೇಜಕದಿಂದ ಶಾಂತಿ ಎಂಬುದು ವಿಚಿತ್ರವಾಗಿ ತೋರಬಹುದು. ಉತ್ತೇಜನಗೊಳ್ಳುವುದು ತಡೆಯುವ ವ್ಯವಸ್ಥೆಯೆಂದು ತಿಳಿದರೆ ವಿಚಿತ್ರವಿಲ್ಲ. ಈಗ ನಮ್ಮಲ್ಲಿ ಬಳಕೆಯಲ್ಲಿರುವ ಮೀಥೈಲ್‌ಫೆನಿಡೇಟನ್ನು 1944ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ಲಿಯಾಂಡ್ರೊ ಪನಿಜೋನ್ ತಯಾರಿಸಿದನು. ಪತ್ನಿಯನ್ನು ಕರೆಯುತ್ತಿದ್ದ ರೀಟಾ ಎಂಬ ಹೆಸರಿನಿಂದಲೇ ಅದಕ್ಕೆ ರಿಟಾಲಿನ್ ಎಂಬ ಹೆಸರು ಬಂದಿತು. ನರಕೋಶಗಳ ನಡುವೆ ಬಿಡುಗಡೆಯಾದ ಡೋಪಮೈನ್ ಮತ್ತು ನಾರ್‌ಅಡ್ರಿನಲಿನ್ ಬೇಗನೆ ಮರಳಿ ಹೀರಲ್ಪಡದಂತೆ ಅದು ತಡೆಯುತ್ತದೆ. ಅನೇಕರಿಗೆ ಗುಣ ಕಾಣುತ್ತದೆ, ಎಲ್ಲರಿಗೂ ಅಲ್ಲ. ಹಸಿವು ಕುಂದುವುದು, ನಿದ್ದೆ ಬಾರದಿರುವುದು, ನಾಡಿ ಮತ್ತು ರಕ್ತದೊತ್ತಡ ಏರುವುದು ಇದರ ತೊಂದರೆಗಳು. ಉತ್ತೇಜಕವಲ್ಲದ ಅಟೊಮೊಕ್ಸೆಟಿನ್ ಎಂಬ ಇನ್ನೊಂದು ಔಷಧವೂ ಉಂಟು. ಆಯ್ಕೆ ವೈದ್ಯರದು. ಪರೀಕ್ಷೆಯ ಕಾಲದಲ್ಲಿ ಗೆಳೆಯನ ಮಾತ್ರೆಯನ್ನು ಕೇಳಿ ನುಂಗುವುದು ಅಪಾಯಕರ, ಕಾನೂನಿಗೂ ವಿರುದ್ಧ.

ಔಷಧದ ಕೆಲಸ ಕೆಲವು ಗಂಟೆಗಳದು. ಉಳಿದದ್ದಕ್ಕೆ ಕಳಚಿದ ಕಂಬಿಗಳನ್ನು ತಾನೇ ಮತ್ತೆ ನೆಟ್ಟುಕೊಳ್ಳಬೇಕು. ಮನೋಚಿಕಿತ್ಸಕರು ಕಲಿಸುವ ಉಪಾಯಗಳು ಸರಳ. ನೆನಪನ್ನು ತಲೆಯಲ್ಲಿಡದೆ ಒಂದೇ ದಿನಚರಿ ಪುಸ್ತಕದಲ್ಲಿಡುವುದು. ಹಲವು ಚೀಟಿಗಳು ಕಳೆಯುವುದಕ್ಕೇ ದಾರಿ. ಕೆಲಸವನ್ನು 15–20 ನಿಮಿಷಗಳ ತುಂಡುಗಳಾಗಿ ಒಡೆದು, ಪ್ರತಿ ತುಂಡಿಗೂ ಗಡಿಯಾರದ ಗಂಟೆ ಇಡುವುದು. ಬೀಗದ ಕೈಗೆ ಬಾಗಿಲ ಬಳಿ ಒಂದೇ ಮೊಳೆ. ಓದುವಾಗ ಮೊಬೈಲನ್ನು ಬೇರೆ ಕೋಣೆಯಲ್ಲಿಡುವುದು. ತನ್ನ ಪಾಡಿಗೆ ಓದಿಕೊಳ್ಳುವ ಗೆಳೆಯನ ಪಕ್ಕದಲ್ಲಿ ಕೂರುವುದು: ಆತ ಏನನ್ನೂ ಹೇಳಿಕೊಡಬೇಕಾಗಿಲ್ಲ, ಇದ್ದರೆ ಸಾಕು. ಕ್ರಮವಾದ ನಿದ್ದೆ ಮತ್ತು ವ್ಯಾಯಾಮ ಈ ಎಲ್ಲಕ್ಕೂ ಬಲ ಕೊಡುತ್ತವೆ. ಒಂದು ಉಪಾಯ ಕೆಲವು ವಾರಗಳ ಮೇಲೆ ಹಳತಾಗಿ ಸಪ್ಪೆಯಾಗುವುದುಂಟು. ಆಗ ಸೋತೆನೆಂದುಕೊಳ್ಳದೆ ಉಪಾಯವನ್ನು ಬದಲಿಸಬೇಕು.

ನೆರವು ಎಲ್ಲಿ?

ಶಿವಗಂಗೆಯಿಂದ ಸುಮಾರು 50 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಸಂಸ್ಥೆಯಿದೆ. ಹಳೆಯ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದುಗೂಡಿ ಅದು ರೂಪುಗೊಂಡಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದರ ತಜ್ಞರು ನಡೆಸಿದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆದುದರಿಂದ ಮೊದಲ ಸಲಹೆಗೆ ಜಿಲ್ಲಾಸ್ಪತ್ರೆಗೂ ಹೋಗಬಹುದು. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಗೆ 14416 ಸಂಖ್ಯೆಯಲ್ಲಿ ಯಾವ ಹೊತ್ತಿನಲ್ಲಾದರೂ ದೂರವಾಣಿ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ತೊಂದರೆಗೆ ಹೆಸರು ಸಿಕ್ಕಿದ ಮಾತ್ರಕ್ಕೆ ಶುಲ್ಕ ಕಟ್ಟುವ ದಿನ ಮುಂದಕ್ಕೆ ಹೋಗುವುದಿಲ್ಲ; ಮಾತು ಕೊಟ್ಟ ಗೆಳೆಯ ಕಾಯುವುದೂ ತಪ್ಪುವುದಿಲ್ಲ. ಹೊಣೆ ಹೊಣೆಯೇ. ಆದರೆ ಸೋಮಾರಿಯೆಂದುಕೊಂಡವನು ತನ್ನ ಶಕ್ತಿಯನ್ನೆಲ್ಲ ತನ್ನನ್ನು ಬೈದುಕೊಳ್ಳುವುದರಲ್ಲಿ ವೆಚ್ಚಮಾಡುತ್ತಾನೆ; ಕಾರಣ ತಿಳಿದವನು ಅದೇ ಶಕ್ತಿಯಿಂದ ಬಾಗಿಲ ಬಳಿ ಒಂದು ಮೊಳೆ ಹೊಡೆಯುತ್ತಾನೆ.