ಆಫೀಸಿನ ಸ್ನೇಹಕ್ಕೂ ಇರಲಿ ಒಂದು ಗೆರೆ

ಮಕ್ಕಳು ದೊಡ್ಡವರಾದರು, ಇನ್ನು ಮತ್ತೆ ಕೆಲಸಕ್ಕೆ ಸೇರೋಣ ಅಂದುಕೊಂಡಿದ್ದೀರಾ? ಸಂತೋಷ. ಆದರೆ ಒಂದು ಮಾತು ನೆನಪಿರಲಿ. ಅತ್ತೆ ಮನೆಯಂತೆ ಆಫೀಸಿಗೂ ಯಾರೂ ಬಾಯಿಬಿಟ್ಟು ಹೇಳದ ರೀತಿ ರಿವಾಜುಗಳಿರುತ್ತವೆ.

ಇದೇನೂ ಹೊಸದಲ್ಲ. ಅಮೆರಿಕದ ಷಿಕಾಗೊ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1931-32ರಲ್ಲಿ ಸಂಶೋಧಕರು 14 ಕೆಲಸಗಾರರ ಗುಂಪೊಂದನ್ನು ಗಮನಿಸಿದರು. ಹೆಚ್ಚು ದುಡಿದರೆ ಹೆಚ್ಚು ಹಣ ಸಿಗುತ್ತಿತ್ತು. ಆದರೂ ದಿನಕ್ಕೆ ಇಷ್ಟೇ ಕೆಲಸ ಅಂತ ಅವರವರೇ ಗೆರೆ ಎಳೆದುಕೊಂಡಿದ್ದರು! ಅದನ್ನು ದಾಟಿದವರಿಗೆ ಗೇಲಿ, ತೋಳಿಗೊಂದು ಗುದ್ದು.

ಹಾಗಾಗಿ ಮೊದಲ ಕೆಲವು ವಾರ ಮಾತು ಕಡಿಮೆ, ಗಮನ ಹೆಚ್ಚಿರಲಿ. ಮಧ್ಯಾಹ್ನ ಒಬ್ಬರೇ ಕೂತು ಊಟ ಮಾಡಬೇಡಿ. ರಜೆ ಯಾರ ಹತ್ತಿರ ಕೇಳಬೇಕು, ಯಾವ ಕೆಲಸಕ್ಕೆ ಯಾರು ನೆರವಾಗ್ತಾರೆ ಅನ್ನೋದೆಲ್ಲ ಗೊತ್ತಾಗೋದು ಡಬ್ಬಿ ಹಂಚಿಕೊಳ್ಳುವಾಗಲೇ. ಆದರೆ ಅಲ್ಲಿ ಕೇಳಿದ ಚಾಡಿ ಮಾತನ್ನು ಇನ್ನೊಬ್ಬರ ಕಿವಿಗೆ ಹಾಕಬೇಡಿ. ಮನೆಯ ಗುಟ್ಟನ್ನೂ ಅಲ್ಲಿ ಬಿಚ್ಚಿಡಬೇಡಿ.

'ನಾವೆಲ್ಲ ಒಂದೇ ಮನೆಯವರಿದ್ದ ಹಾಗೆ' ಎನ್ನುತ್ತಲೇ ಯಾರಾದರೂ ಅಸಭ್ಯವಾಗಿ ಮಾತಾಡಿದರೆ, ಮೈ ಮುಟ್ಟಿದರೆ 'ಅಡ್ಜಸ್ಟ್' ಮಾಡ್ಕೋಬೇಡಿ. 2013ರ ಕಾಯ್ದೆಯಂತೆ 10 ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕೆ ಮಹಿಳೆಯೇ ಅಧ್ಯಕ್ಷೆ. ಮೂರು ತಿಂಗಳೊಳಗೆ ಲಿಖಿತ ದೂರು ಕೊಡಿ. ಚಿಕ್ಕ ಕಚೇರಿಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ಎಲ್ಲರೊಡನೆ ನಗುನಗುತ್ತಾ ಇರಿ. ಗೆರೆ ಎಲ್ಲಿ ಅನ್ನೋದನ್ನು ಮಾತ್ರ ನೀವೇ ನಿರ್ಧರಿಸಿ.