ಡೀಸೆಲ್ ಟ್ಯಾಂಕ್ ಎಷ್ಟು ಲೀಟರ್ ಹಿಡಿಯುತ್ತೆ? ಟೇಪು, ಮೊಬೈಲ್ ಇದ್ರೆ ಸಾಕು

ಹೋದ ಬೇಸಿಗೆಯಲ್ಲಿ ಮೈಸೂರು ಹೊರವಲಯದ ನಮ್ಮ ತೋಟದಲ್ಲಿ ಬಾಳೆಗೆ ನೀರು ಬಿಡುವಾಗ ಪಂಪ್‌ಸೆಟ್ ಎಂಜಿನ್ ನಡುವೆಯೇ ನಿಂತುಹೋಯ್ತು. ಡೀಸೆಲ್ ಖಾಲಿ! ಪೈಪಿಗೆ ಹೊಕ್ಕ ಗಾಳಿ ತೆಗೆಯೋದರಲ್ಲೇ ಅರ್ಧ ದಿನ ಹೋಯ್ತು. ತಪ್ಪು ನನ್ನದೇ, ಟ್ಯಾಂಕಿನ ಅಳತೆಯೇ ಗೊತ್ತಿರಲಿಲ್ಲ.

ಚೌಕ ಟ್ಯಾಂಕ್: ಒಳಗಿನ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, 1000ದಿಂದ ಭಾಗಿಸಿ. 30 × 25 × 20 ಅಂದ್ರೆ 15 ಲೀಟರ್.

ದುಂಡು ಟ್ಯಾಂಕ್: ಅಡ್ಡಳತೆಯ ಅರ್ಧ × ಅದೇ ಅರ್ಧ × 3.14 × ಉದ್ದ, ಆಮೇಲೆ 1000ದಿಂದ ಭಾಗಿಸಿ. ಅಡ್ಡಳತೆ 30, ಉದ್ದ 50 ಇದ್ರೆ ಸುಮಾರು 35 ಲೀಟರ್.

ಮಲಗಿಸಿದ ಡ್ರಮ್: ಇಲ್ಲೇ ಹೆಚ್ಚು ಮೋಸ ಹೋಗೋದು. ಕಾಲು ಎತ್ತರ ಇದ್ರೆ ಕಾಲು ಭಾಗ ಇದೆ ಅಂತಲ್ಲ. 200 ಲೀಟರ್ ಡ್ರಮ್ಮಿನಲ್ಲಿ ಆಗ ಇರೋದು 50 ಅಲ್ಲ, ಸುಮಾರು 39 ಲೀಟರ್.

ದೋಣಿಯ ಟ್ಯಾಂಕಿನ ಹಾಗೆ ಆಕಾರ ಸೊಟ್ಟ ಇದ್ರೆ ಲೆಕ್ಕ ಬಿಡಿ. ಖಾಲಿ ಟ್ಯಾಂಕಿಗೆ ಒಂದೊಂದೇ ಲೀಟರ್ ಡೀಸೆಲ್ ಸುರಿದು, ಕಡ್ಡಿ ಅದ್ದಿ ಗುರುತು ಹಾಕಿ. ನೀರು ಸುರಿದು ಅಳೆಯಬೇಡಿ, ಉಳಿದ ಹನಿ ನಾಜಲ್ ಕೆಡಿಸುತ್ತೆ. ಎಂಜಿನ್ ಆರಿಸಿರಿ, ಬೀಡಿ ದೂರವಿರಲಿ.

ಬಿಸಿಲಿಗೆ ಡೀಸೆಲ್ ಹಿಗ್ಗುತ್ತೆ, ಕಂಠಪೂರ್ತಿ ತುಂಬಿಸಬೇಡಿ. ತಳದ ಸ್ವಲ್ಪ ಪೈಪಿಗೆ ಸಿಗೋದೂ ಇಲ್ಲ.

ಈಗ ಒಂದು ಗಂಟೆ ಎಂಜಿನ್ ಓಡಿಸಿ, ಕಡ್ಡಿ ನೋಡಿ. ಗಂಟೆಗೆ ಎಷ್ಟು ಕುಡಿಯುತ್ತೆ ಅಂತ ಗೊತ್ತಾಗುತ್ತೆ. ಮೋಟರ್ ದೋಣಿಯವರ ಲೆಕ್ಕವೊಂದಿದೆ: ಮೂರರಲ್ಲಿ ಒಂದು ಪಾಲು ಹೋಗೋಕೆ, ಒಂದು ಬರೋಕೆ, ಒಂದು ಆಪತ್ತಿಗೆ. ಆ ಕೊನೇ ಪಾಲು ನಮ್ಮ ಪಂಪ್‌ಸೆಟ್ಟಿಗೂ ಇರಲಿ.